ಕೈಬರಹದ ಪಹಣಿಯಿಂದ ಬೆಳೆಯ ಫೋಟೋವರೆಗೆ

ಕರ್ನಾಟಕದ ಸಣ್ಣ ರೈತರ ಬದುಕಿಗೆ ಕಂಪ್ಯೂಟರ್ ಕಾಲಿಟ್ಟದ್ದು ಜಮೀನಿನ ದಾಖಲೆಯಾದ ಪಹಣಿಯ ಮೂಲಕ. ಅದಕ್ಕೂ ಮೊದಲು ಕೈಬರಹದ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಬೆಳೆಸಾಲಕ್ಕೆ ಒಂದು ಪ್ರತಿ ಬೇಕೆಂದರೂ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಬಿತ್ತನೆಯ ಹದ ತಪ್ಪುವ ಹೊತ್ತಿನಲ್ಲಿ ಈ ಅಲೆದಾಟ ಸಣ್ಣ ಕಷ್ಟವಲ್ಲ.

2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಸರದಿಯಂತೆಯೇ ವಿಲೇವಾರಿ ಮಾಡಬೇಕಿತ್ತು. ತಿದ್ದುಪಡಿಗೆ ಅಧಿಕಾರಿಯ ಬೆರಳಗುರುತು ಬೇಕಿತ್ತು. ಆದರೂ ಹಳೆಯ ಪುಸ್ತಕದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಎಷ್ಟೋ ಕಡೆ ಹಾಗೆಯೇ ಒಳಸೇರಿದವು.

ಪಹಣಿಯ ನಂತರ ಬೆಳೆಯ ವಿವರದ ಸರದಿ. 2020ರಲ್ಲಿ ರೈತರೇ ಹೊಲದಲ್ಲಿ ನಿಂತು, ಸರ್ವೆ ನಂಬರಿನೊಂದಿಗೆ ಬೆಳೆಯ ಫೋಟೋ ಕಳಿಸುವ ಬೆಳೆ ಸಮೀಕ್ಷೆ ಆ್ಯಪ್ ಬಂತು.