ಕಡಲಿಲ್ಲದ ನಗರದಿಂದ ಮೀನಿನ ಸುಳಿವು

ಹೈದರಾಬಾದಿಗೂ ಅದಕ್ಕೆ ಅತಿ ಹತ್ತಿರದ ಸಮುದ್ರತೀರಕ್ಕೂ ನಡುವೆ 250 ಕಿಲೋಮೀಟರಿಗೂ ಹೆಚ್ಚು ನೆಲವಿದೆ. ಇಲ್ಲಿನ ಆಸಫ್‌ಜಾಹಿ ಅರಸರಾದ ನಿಜಾಮರ ಅಧೀನದಲ್ಲಿ ಒಂದು ಕಾಲಕ್ಕೆ ಪೂರ್ವ ಕರಾವಳಿಯ ಉದ್ದನೆಯ ಪಟ್ಟಿಯೇ ಇತ್ತಾದರೂ, 1766ರ ಒಪ್ಪಂದದಲ್ಲಿ ಉತ್ತರ ಸರ್ಕಾರುಗಳೆಂಬ ಕರಾವಳಿ ಜಿಲ್ಲೆಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, 1788ರಲ್ಲಿ ಗುಂಟೂರೂ ಕೈಬಿಟ್ಟುಹೋದ ಮೇಲೆ ನಿಜಾಮರ ರಾಜ್ಯ ಸಂಪೂರ್ಣವಾಗಿ ಒಳನಾಡಾಯಿತು. ಬಂದರಿಲ್ಲದ ಕೊರತೆ ಆ ಸರ್ಕಾರವನ್ನು ಕೊನೆಯವರೆಗೂ ಬಾಧಿಸಿತು. 1947ರಲ್ಲಿ ಪೋರ್ಚುಗೀಸರಿಂದ ಮರ್ಮಗೋವಾ ಬಂದರನ್ನು ಪಡೆಯುವ ಯತ್ನವೂ ನಡೆದು ವಿಫಲವಾಯಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ 1956ರವರೆಗೂ ರಾಜಧಾನಿಯಾಗಿದ್ದ ಈ ನಗರವು, ಅದಾದ ಮೂರೂವರೆ ದಶಕಗಳೊಳಗೆ ಕಾರವಾರದಿಂದ ಮಂಗಳೂರಿನವರೆಗಿನ ಕನ್ನಡ ಕರಾವಳಿಯ ದೋಣಿಗಳಿಗೆ, ಅದರಾಚೆಗಿನ ಕಾಸರಗೋಡಿನ ದೋಣಿಗಳಿಗೂ, ಮೀನು ಯಾವ ದಿಕ್ಕಿನಲ್ಲಿ ಸಿಗಬಹುದೆಂದು ತಿಳಿಸುವ ಕೇಂದ್ರವಾಗಿ ಬೆಳೆದ ಬಗೆಯನ್ನು ಮೀನುಗಾರಿಕೆಯ ಚರಿತ್ರೆಕಾರರು ಇನ್ನಷ್ಟು ಗಮನವಿಟ್ಟು ನೋಡಬೇಕಾಗಿದೆ.

ಮೀನನ್ನು ಹುಡುಕುವ ವಿದ್ಯೆ ಕರಾವಳಿಗೆ ಹೊರಗಿನಿಂದ ಬಂದದ್ದಲ್ಲ. ದೋಣಿಯ ಮುಖ್ಯಸ್ಥನಾದ ತಂಡೇಲನು ನೀರಿನ ಬಣ್ಣ, ಅಲೆಯ ಮೇಲ್ಮೈಯಲ್ಲಿ ಕಾಣುವ ಸಣ್ಣ ನಡುಕ, ಒಂದೇ ಕಡೆ ಎರಗುವ ಹಕ್ಕಿಗಳ ಗುಂಪು, ಗಾಳಿ ಮತ್ತು ಸೆಳೆತದ ದಿಕ್ಕು ಇವೆಲ್ಲವನ್ನೂ ಒಟ್ಟಿಗೆ ಓದಿ ಬಲೆ ಬಿಡುವ ಜಾಗವನ್ನು ನಿರ್ಧರಿಸುತ್ತಿದ್ದನು. ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಬೂತಾಯಿಯ ಹಿಂಡು ನೀರನ್ನು ಕಲಕಿದಾಗ ಅಲ್ಲಿರುವ ಸೂಕ್ಷ್ಮಜೀವಿಗಳು ಮಿನುಗಿ ಇಡೀ ಹಿಂಡಿನ ಆಕಾರವೇ ತಿಳಿಬೆಳಕಾಗಿ ಕಾಣುತ್ತಿದ್ದುದರಿಂದ, ಕತ್ತಲೇ ಆ ಬೇಟೆಗೆ ಅನುಕೂಲವಾಗಿತ್ತು. ಕಂಡ ಜಾಗಕ್ಕೆ ಮತ್ತೆ ಮರಳಲು ದಡದ ಗುರುತುಗಳು ನೆರವಾಗುತ್ತಿದ್ದವು: ಒಂದು ಬೆಟ್ಟದ ತುದಿಯನ್ನೂ ಅದರ ಮುಂದಿನ ಇನ್ನೊಂದು ಗುರುತನ್ನೂ ಒಂದೇ ಗೆರೆಯಲ್ಲಿ ಹಿಡಿದು, ಬೇರೆ ದಿಕ್ಕಿನಲ್ಲಿ ಅಂಥದೇ ಎರಡನೆಯ ಗೆರೆಯನ್ನು ಹಿಡಿದರೆ, ಅವೆರಡೂ ಕೂಡುವಲ್ಲಿ ದೋಣಿ ಇರುತ್ತದೆ. 1,894 ಮೀಟರ್ ಎತ್ತರದ ಕುದುರೆಮುಖದ ಶಿಖರ ನಾವಿಕರಿಗೆ ಬಹುಕಾಲ ಇಂಥ ಗುರುತಾಗಿತ್ತು. ದಡದಿಂದಲೇ ಎಳೆಯುವ, ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದವಿರುತ್ತಿದ್ದ ರಂಪಣಿ ಬಲೆಯ ಕಾಲದಲ್ಲಿ ಹಿಂಡನ್ನು ಮೊದಲು ಕಂಡವನ ಕಣ್ಣಿಗೆ ದೊಡ್ಡ ಬೆಲೆಯಿತ್ತು. ಆ ಒಬ್ಬನ ನೋಟವನ್ನು ನಂಬಿ ಹತ್ತಾರು ಮನೆಗಳ ಜನ ಮರಳಿಗಿಳಿದು ಹಗ್ಗ ಹಿಡಿಯುತ್ತಿದ್ದರು, ಸಿಕ್ಕ ಬಂಗುಡೆ ಬೂತಾಯಿಗಳನ್ನು ಪಾಲು ಹಂಚಿಕೊಳ್ಳುತ್ತಿದ್ದರು.

ಕಣ್ಣಿಗೆ ಕಾಣದ ಆಳವನ್ನು ಶಬ್ದದಿಂದ ತಿಳಿಯುವ ಉಪಾಯ ಹುಟ್ಟಿದ್ದು ಶೀತದೇಶಗಳ ಕಡಲಿನಲ್ಲಿ, ಅದೂ ಮೀನಿಗಾಗಿ ಅಲ್ಲ, ಮಂಜುಗಡ್ಡೆಗಾಗಿ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿದು ಮುಳುಗಿದ ಬಳಿಕ, ತೇಲುವ ಮಂಜಿನ ಬೆಟ್ಟಗಳನ್ನು ಮುಂಚಿತವಾಗಿ ಅರಿಯುವ ಸಾಧನಕ್ಕಾಗಿ ಹಲವರು ದುಡಿದರು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದರೆ, ರೆಜಿನಾಲ್ಡ್ ಫೆಸೆಂಡೆನ್ 1914ರಲ್ಲಿ ಹಡಗಿನಿಂದ ಶಬ್ದ ಕಳಿಸಿ ದೂರದ ನೀರ್ಗಲ್ಲಿನಿಂದ ಅದರ ಪ್ರತಿಧ್ವನಿಯನ್ನು ಕೇಳಿದನು. ಉಪಾಯ ಸರಳವಾದದ್ದು: ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುವುದರಿಂದ, 60 ಮೀಟರ್ ಆಳದ ತಳಕ್ಕೆ ಹೋಗಿ ಮರಳಲು ಅದಕ್ಕೆ 0.08 ಸೆಕೆಂಡು ಸಾಕು. ಈ ಹೊತ್ತನ್ನು ಅಳೆದರೆ ಆಳ ತಿಳಿಯುತ್ತದೆ. ತಳಕ್ಕಿಂತ ಮೊದಲೇ ಮರಳುವ ದುರ್ಬಲ ಧ್ವನಿಗಳು ಮೀನಿನ ಹಿಂಡಿನಿಂದ, ಅದರಲ್ಲೂ ಬಹುತೇಕ ಮೀನುಗಳ ಹೊಟ್ಟೆಯೊಳಗಿರುವ ಗಾಳಿಚೀಲದಿಂದ, ಬರುತ್ತವೆಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ನಾರ್ವೆಯ ಓಸ್ಕರ್ ಸುಂಡ್ 1935ರಲ್ಲಿ ಲೋಫೋಟೆನ್ ಕಡಲಿನ ಕಾಡ್ ಮೀನುಗಳ ಪ್ರತಿಧ್ವನಿ ದಾಖಲೆಯನ್ನು ಪ್ರಕಟಿಸಿದನು. ಜಪಾನಿನ ಫುರುನೊ ಸಹೋದರರು 1948ರಲ್ಲಿ ಮೀನುಶೋಧಕ ಯಂತ್ರವನ್ನು ಮಾರುಕಟ್ಟೆಗೆ ತಂದರು.

ಪಶ್ಚಿಮ ಕರಾವಳಿಗೆ ಈ ವಿದ್ಯೆ ಎರಡು ಯೋಜನೆಗಳ ಮೂಲಕ ಹತ್ತಿರವಾಯಿತು. 1952ರ ಒಪ್ಪಂದದಿಂದ ಕೊಲ್ಲಂ ಬಳಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು 1963ರಲ್ಲಿ ವಿಸ್ತರಣೆಗೊಂಡಾಗ ಅಂದಿನ ಮೈಸೂರು ರಾಜ್ಯದ ಕಾರವಾರವೂ ಅದರ ಕೇಂದ್ರಗಳಲ್ಲೊಂದಾಯಿತು. 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಕೊಚ್ಚಿಯಲ್ಲಿ ನಡೆದ ಯೋಜನೆಯಲ್ಲಿ ಎರಡು ಹಡಗುಗಳು ನೈಋತ್ಯ ಕರಾವಳಿಯುದ್ದಕ್ಕೂ ಸಂಚರಿಸಿ ಶಬ್ದಯಂತ್ರಗಳಿಂದ ಮೀನಿನ ರಾಶಿಯನ್ನು ಅಂದಾಜು ಮಾಡಿದವು; ಬಂಗುಡೆ ಮತ್ತು ಬೂತಾಯಿಯ ಶಾಸ್ತ್ರೀಯ ಹೆಸರುಗಳಾದ ರಾಸ್ಟ್ರೆಲಿಗರ್, ಸಾರ್ಡಿನೆಲ್ಲ ಎಂಬವೇ ಆ ಹಡಗುಗಳ ಹೆಸರುಗಳೂ ಆಗಿದ್ದವು. ಆಗಿನ ಯಂತ್ರಗಳಲ್ಲಿ ಸುರುಳಿಕಾಗದದ ಮೇಲೆ ಸೂಜಿಯೊಂದು ಎಡೆಬಿಡದೆ ಗೆರೆ ಎಳೆಯುತ್ತಿತ್ತು. ಕಡಲ ತಳ ದಪ್ಪನೆಯ ಕಪ್ಪು ಪಟ್ಟಿಯಾಗಿ, ಅದರ ಮೇಲಿನ ಹಿಂಡು ಮಸಿ ಚೆಲ್ಲಿದ ಕಲೆಯಾಗಿ ಮೂಡುತ್ತಿದ್ದವು; ಕಲೆಯ ಆಕಾರ ಮತ್ತು ಗಾಢತೆಯಿಂದ ಮೀನಿನ ಜಾತಿಯನ್ನು ಊಹಿಸುವುದು ಯಂತ್ರದ ಕೆಲಸವಾಗಿರಲಿಲ್ಲ, ಅದನ್ನು ಓದುವವನ ಅನುಭವಕ್ಕೆ ಬಿಟ್ಟದ್ದಾಗಿತ್ತು. ಅದೇ ದಶಕದ ನಡುವಿನಲ್ಲಿ ಹಿಂಡನ್ನು ಸುತ್ತುವರಿದು ಕೆಳಗಿನಿಂದ ಬಾಯಿ ಬಿಗಿಯುವ ಪರ್ಸೀನ್ ಬಲೆ ಕರ್ನಾಟಕಕ್ಕೆ ಬಂದು ರಂಪಣಿಯನ್ನು ಬದಿಗೊತ್ತಿದ ಮೇಲೆ, ಮೀನು ದಡಕ್ಕೆ ಬರುವುದನ್ನು ಕಾಯುವ ಕಾಲ ಮುಗಿದು, ಅದನ್ನು ಅರಸಿ ಡೀಸೆಲ್ ಸುಡುವ ಕಾಲ ಆರಂಭವಾಯಿತು. ಶಬ್ದಯಂತ್ರವು ದೋಣಿಯ ಕೆಳಗಿನ ಮತ್ತು ಹೆಚ್ಚೆಂದರೆ ಅದರ ಸುತ್ತಲಿನ ನೀರನ್ನಷ್ಟೇ ತಿಳಿಸಬಲ್ಲುದಾದ್ದರಿಂದ, ಬಂದರು ಬಿಟ್ಟ ತಂಡೇಲ ಮೊದಲು ಯಾವ ಕಡೆಗೆ ತಿರುಗಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ಹೈದರಾಬಾದಿನಿಂದ ಬರಲು ಕಾರಣ, ಉಪಗ್ರಹದ ಮಾಹಿತಿ ಮೊದಲು ಇಳಿಯುತ್ತಿದ್ದುದೇ ಅಲ್ಲಿ. ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯು 1974ರಲ್ಲಿ ಇಲ್ಲಿ ಸ್ಥಾಪಿತವಾಗಿ, 1980ರಲ್ಲಿ ಬಾಹ್ಯಾಕಾಶ ಇಲಾಖೆಗೆ ಸೇರಿತು. ನಗರದ ದಕ್ಷಿಣಕ್ಕಿರುವ ಶಾದ್‌ನಗರದಲ್ಲಿ ಉಪಗ್ರಹ ಸಂಕೇತಗಳನ್ನು ಹಿಡಿಯುವ ಅದರ ಭೂಕೇಂದ್ರ ಕೆಲಸ ಮಾಡುತ್ತಿತ್ತು. ಭೂಮಿಯ ಬೆಳೆ, ಕಾಡು, ಅಂತರ್ಜಲಗಳನ್ನು ಅಳೆಯಲು ಕಲಿತಿದ್ದ ವಿಜ್ಞಾನಿಗಳು, 1981ರಲ್ಲಿ ಕೇಂದ್ರ ಸರ್ಕಾರದಲ್ಲಿ ಸಾಗರ ಅಭಿವೃದ್ಧಿ ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡ ನಂತರದ ವರ್ಷಗಳಲ್ಲಿ ಕಡಲಿನತ್ತ ತಿರುಗಿದರು. ಆ ದಶಕದ ಕೊನೆಯಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳು ಅಳೆದ ಸಮುದ್ರ ಮೇಲ್ಮೈ ತಾಪಮಾನದ ಆಧಾರದಿಂದ, ಮೀನು ಸಿಗುವ ಸಂಭವವಿರುವ ಪ್ರದೇಶಗಳನ್ನು ನಕ್ಷೆಯಲ್ಲಿ ಗುರುತಿಸಿ ಕರಾವಳಿಗೆ ತಿಳಿಸುವ ಪ್ರಯೋಗ ಶುರುವಾಯಿತು. ಸಂಭಾವ್ಯ ಮೀನುಗಾರಿಕಾ ವಲಯವೆಂದು ಇಂದು ಕರೆಯಲಾಗುವ ಸಲಹೆಯ ಮೂಲ ಇದು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಉಪಗ್ರಹ ಮೀನನ್ನು ಕಾಣುವುದಿಲ್ಲ. ಅದು ಕಾಣುವುದು ನೀರಿನ ಮೇಲ್ಪದರದ ಬಿಸಿಯನ್ನು ಮತ್ತು ಬಣ್ಣವನ್ನು. ಬೆಚ್ಚನೆಯ ನೀರೂ ತಣ್ಣನೆಯ ನೀರೂ ಸಂಧಿಸುವ ಅಂಚಿನಲ್ಲಿ, ಅಥವಾ ಗಾಳಿಯ ಒತ್ತಡದಿಂದ ಮೇಲ್ಮೈ ನೀರು ದಡದಿಂದ ದೂರ ಸರಿದು ತಳದ ತಣ್ಣೀರು ಮೇಲೇರುವಲ್ಲಿ, ಆಳದಲ್ಲಿದ್ದ ನೈಟ್ರೇಟ್, ಫಾಸ್ಫೇಟ್ ಮುಂತಾದ ಪೋಷಕಾಂಶಗಳು ಬೆಳಕಿಗೆ ಬರುತ್ತವೆ. ಅವುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಸಸ್ಯಗಳು ಹುಲುಸಾಗುತ್ತವೆ, ಅವನ್ನು ತಿನ್ನಲು ಪ್ರಾಣಿಪ್ಲವಕಗಳೂ ಇವೆರಡನ್ನೂ ತಿನ್ನಲು ಬೂತಾಯಿ, ಬಂಗುಡೆಗಳೂ, ಅವುಗಳ ಬೆನ್ನಟ್ಟಿ ಅಂಜಲ್, ಕೇದರಗಳೂ ಸೇರುತ್ತವೆ. ತೇಲುಸಸ್ಯಗಳ ಪತ್ರಹರಿತ್ತು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಅವು ದಟ್ಟವಾಗಿರುವ ನೀರು ಹಸುರಿನತ್ತ ವಾಲುತ್ತದೆ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1 ಉಪಗ್ರಹದ ಸಾಗರವರ್ಣ ಕ್ಯಾಮೆರಾ ಈ ಬಣ್ಣದ ವ್ಯತ್ಯಾಸವನ್ನು ಎಂಟು ಪಟ್ಟಿಗಳಲ್ಲಿ, 360 ಮೀಟರಿನಷ್ಟು ಸೂಕ್ಷ್ಮವಾಗಿ, ಎರಡು ದಿನಗಳಿಗೊಮ್ಮೆ ದಾಖಲಿಸತೊಡಗಿದ ಮೇಲೆ, ತಾಪಮಾನ ಮತ್ತು ಪತ್ರಹರಿತ್ತು ಎರಡೂ ಒಂದೇ ಅಂಚನ್ನು ಸೂಚಿಸುವ ತಾಣಗಳನ್ನು ಆರಿಸುವುದು ಸಾಧ್ಯವಾಯಿತು. ನೀರಿನ ಬಣ್ಣ ನೋಡಿ ಬಲೆ ಬಿಡುತ್ತಿದ್ದ ತಂಡೇಲನ ತರ್ಕವನ್ನೇ ಈ ವಿಧಾನ ಸಾವಿರಾರು ಚದರ ಕಿಲೋಮೀಟರಿಗೆ ವಿಸ್ತರಿಸಿತೆಂದು ಹೇಳುವುದು ಉತ್ಪ್ರೇಕ್ಷೆಯಲ್ಲ.

ಅದೇ 1999ರಲ್ಲಿ ಹೈದರಾಬಾದಿನಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ನೋಂದಣಿಯಾಯಿತು. ಇನ್‌ಕಾಯ್ಸ್ ಎಂಬ ಚಿಕ್ಕ ಹೆಸರಿನಿಂದ ಪರಿಚಿತವಾಗಿರುವ, ಈಗ ಪ್ರಗತಿ ನಗರದಲ್ಲಿರುವ ಈ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದವರು ಮುಂದೆ ಇಸ್ರೋ ಅಧ್ಯಕ್ಷರಾದ ಕೆ. ರಾಧಾಕೃಷ್ಣನ್. ಮೀನುಗಾರಿಕಾ ಸಲಹೆಯ ಹೊಣೆ ದೂರಸಂವೇದಿ ಸಂಸ್ಥೆಯಿಂದ ಇದಕ್ಕೆ ವರ್ಗವಾಯಿತು. ಸಲಹೆಯ ಹಾಳೆ ಸಣ್ಣದು, ಆದರೆ ಅದರ ರಚನೆಯಲ್ಲಿ ತುಂಬ ಯೋಚನೆಯಿದೆ. ಮೊದಲ ಕಲಮಿನಲ್ಲಿ ಮೀನು ಇಳಿಸುವ ತಾಣದ ಹೆಸರು, ಅನಂತರ ಅಲ್ಲಿಂದ ಹೊರಡಬೇಕಾದ ದಿಕ್ಕು, ದಿಕ್ಸೂಚಿಯ ಡಿಗ್ರಿ, ಕಿಲೋಮೀಟರುಗಳಲ್ಲಿ ದೂರ, ಮೀಟರುಗಳಲ್ಲಿ ಆಳ, ಕೊನೆಗೆ ಅಕ್ಷಾಂಶ ರೇಖಾಂಶ. ಜಿಪಿಎಸ್ ಇರುವವನು ಕೊನೆಯ ಕಲಮುಗಳನ್ನು ಬಳಸಬಹುದು; ದಿಕ್ಸೂಚಿಯಷ್ಟೇ ಇರುವವನಿಗೆ ಮೊದಲಿನವು ಸಾಕು. ತನ್ನ ಊರಿನ ಹೆಸರಿನಿಂದ ಆರಂಭವಾಗುವ ಸಾಲನ್ನು ಮೀನುಗಾರ ಓದುವಂತೆ ಮಾಡಿದ್ದು ಈ ಸೇವೆಯ ಕರ್ತೃಗಳು ತೋರಿದ ಅತ್ಯಂತ ವಿವೇಕದ ನಡೆ.

ಆದರೂ ಈ ಚರಿತ್ರೆಯ ಕಠಿಣ ಭಾಗ ಉಪಗ್ರಹದಲ್ಲಾಗಲಿ ಗಣಕದಲ್ಲಾಗಲಿ ಇರಲಿಲ್ಲ, ಹಾಳೆಯನ್ನು ದೋಣಿಗೆ ಮುಟ್ಟಿಸುವುದರಲ್ಲಿತ್ತು. ಅಂಚುಗಳು ಗಾಳಿ ಮತ್ತು ಪ್ರವಾಹಕ್ಕೆ ಸಿಕ್ಕಿ ಸರಿಯುತ್ತಲೇ ಇರುವುದರಿಂದ ಸಲಹೆಗೆ ಕೆಲವೇ ದಿನಗಳ ಆಯುಸ್ಸು. ಮೊದಲಿನ ವರ್ಷಗಳಲ್ಲಿ ದೂರವಾಣಿ ಮತ್ತು ಫ್ಯಾಕ್ಸ್ ಮೂಲಕ ಬಂದರಿಗೆ ಹೋಗುತ್ತಿದ್ದ ಮಾಹಿತಿ, ಬಳಿಕ ಆಕಾಶವಾಣಿ, ಪತ್ರಿಕೆ, ಬಂದರುಗಳಲ್ಲಿ ನಿಲ್ಲಿಸಿದ ವಿದ್ಯುನ್ಮಾನ ಫಲಕ, ಮೊಬೈಲ್ ಸಂದೇಶಗಳ ಮೂಲಕ, ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಹರಡಿತು. ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕಾ ಮಹಾವಿದ್ಯಾಲಯದಂಥ ಸಂಸ್ಥೆಗಳು ಸಲಹೆ ನಂಬಿ ಹೋದ ದೋಣಿಗಳ ಹಿಡುವಳಿಯನ್ನು ಉಳಿದವುಗಳ ಹಿಡುವಳಿಯೊಂದಿಗೆ ಹೋಲಿಸಿ ಅದರ ಸತ್ಯಾಸತ್ಯವನ್ನು ಪರೀಕ್ಷಿಸಿದವು; ಹುಡುಕಾಟದ ಹೊತ್ತೂ ಇಂಧನವೂ ಉಳಿಯುತ್ತವೆಂಬುದು ಇಂಥ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂತು. ದುಬಾರಿ ಶಬ್ದಯಂತ್ರ ಕೊಳ್ಳಬಲ್ಲ ಪರ್ಸೀನ್ ದೋಣಿಗೂ ಅದನ್ನು ಕೊಳ್ಳಲಾಗದ ಸಣ್ಣ ದೋಣಿಗೂ ಒಂದೇ ಹಾಳೆ, ಬೆಲೆಯಿಲ್ಲದೆ, ಒಂದೇ ಹೊತ್ತಿಗೆ ಸಿಗುವುದು ಸಾರ್ವಜನಿಕ ವಿಜ್ಞಾನದ ದೊಡ್ಡ ಸಾಧನೆಯೆಂದೇ ಎಣಿಸಬೇಕು.

2004ರ ಡಿಸೆಂಬರ್ 26ರ ಸುನಾಮಿಯ ಬಳಿಕ, 2007ರ ಅಕ್ಟೋಬರಿನಲ್ಲಿ, ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಇನ್‌ಕಾಯ್ಸ್‌ನಲ್ಲೇ ಆರಂಭವಾಯಿತು. ಮೀನಿನ ಸುಳಿವು ಕೊಡುವ ಸಂಸ್ಥೆಯೇ ಅಪಾಯದ ಸುಳಿವನ್ನೂ ಕೊಡತೊಡಗಿದಾಗ ಎರಡಕ್ಕೂ ಒಂದೇ ಕೊರತೆ ಎದುರಾಯಿತು: ಮೊಬೈಲ್ ಸಂಕೇತ ದಡದಿಂದ 10-12 ಕಿಲೋಮೀಟರಿನಾಚೆ ಸಿಗುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಒಖಿ ಚಂಡಮಾರುತದ ಎಚ್ಚರಿಕೆ, ಆಗಲೇ ಆಳಕಡಲಿಗೆ ಹೋಗಿದ್ದ ಕೇರಳ ಮತ್ತು ತಮಿಳುನಾಡಿನ ದೋಣಿಗಳನ್ನು ತಲುಪಲಾಗದೆ ಹೋದದ್ದು ಈ ಕೊರತೆಯನ್ನು ಪ್ರಾಣಹಾನಿಯಲ್ಲಿ ತೋರಿಸಿತು. 2019ರ ಅಕ್ಟೋಬರಿನಲ್ಲಿ ಹೊರಬಂದ ಜೆಮಿನಿ ಎಂಬ ಕೈಗೊಯ್ಯುವ ಗ್ರಾಹಕಯಂತ್ರ ಅದಕ್ಕೆ ದೊರೆತ ಒಂದು ಉತ್ತರ. ವಿಮಾನಗಳಿಗೆ ಸ್ಥಾನನಿರ್ದೇಶನ ನೀಡಲು ರೂಪಿಸಿದ್ದ ಗಗನ್ ವ್ಯವಸ್ಥೆಯ ಉಪಗ್ರಹಗಳಿಂದ ಬರುವ ಸಂದೇಶವನ್ನು ಈ ಪೆಟ್ಟಿಗೆ ಹಿಡಿದು, ಬ್ಲೂಟೂತ್ ಮೂಲಕ ಮೀನುಗಾರನ ಮೊಬೈಲಿಗೆ ದಾಟಿಸುತ್ತದೆ. ಇನ್‌ಕಾಯ್ಸ್ ಸಿದ್ಧಪಡಿಸಿದ ಆ್ಯಪ್ ಅದನ್ನು ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ತೋರಿಸುತ್ತದೆ. ಸಂದೇಶ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ದೋಣಿಯವನು ಮರಳಿ ಏನನ್ನೂ ಹೇಳಲಾರ.

2022ರ ನವೆಂಬರ್ 26ರಂದು ಉಡಾವಣೆಗೊಂಡ ಓಷನ್‌ಸ್ಯಾಟ್-3ರಲ್ಲಿ 13 ಪಟ್ಟಿಗಳ ಸಾಗರವರ್ಣ ಕ್ಯಾಮೆರಾದ ಜೊತೆಗೆ ಮೇಲ್ಮೈ ತಾಪಮಾನ ಅಳೆಯುವ ಉಪಕರಣವನ್ನೂ ಇರಿಸಲಾಯಿತು. ಆದರೆ ಬಣ್ಣವನ್ನೂ ಶಾಖವನ್ನೂ ಅಳೆಯುವ ಈ ಕಣ್ಣುಗಳು ಮೋಡವನ್ನು ಭೇದಿಸುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ತಣ್ಣೀರು ಮೇಲೇರಿ ಕಡಲು ಅತ್ಯಂತ ಫಲವತ್ತಾಗುವುದು ಮುಂಗಾರಿನ ತಿಂಗಳುಗಳಲ್ಲೇ. ಆಕಾಶ ಮುಚ್ಚಿರುವುದೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೊಡ್ಡ ದೋಣಿಗಳಿಗೆ ಇದರ ನಷ್ಟ ಹೆಚ್ಚಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡು ಆ ಎರಡು ತಿಂಗಳೂ ಕಡಲಿಗಿಳಿಯಲು ಅನುಮತಿಯಿರುವ ಕರ್ನಾಟಕದ ನಾಡದೋಣಿಗಳಿಗೆ ಮಾತ್ರ, ಹೈದರಾಬಾದಿನ ಹಾಳೆ ಬೇಕಾದ ಹೊತ್ತಿಗೇ ಬಾರದು. ತೂಫಾನು ತಗ್ಗಿದ ದಿನಗಳಲ್ಲಿ ಅವರು ಇಂದಿಗೂ ನೀರಿನ ಬಣ್ಣ, ಗಾಳಿ ಮತ್ತು ಹಕ್ಕಿಗಳ ಜಾಡು ಹಿಡಿದೇ ಬಲೆ ಬಿಡುತ್ತಾರೆ.