ಮತಕ್ಕೆ ತಕ್ಕ ಸ್ಥಾನ: ನ್ಯೂಜಿಲೆಂಡಿನ ಪಾಠ

ದೇಶದಲ್ಲೆಲ್ಲ ಹೆಚ್ಚು ಮತ ಪಡೆದ ಪಕ್ಷವೇ ಸೋತರೆ ನೀವು ಏನೆನ್ನುವಿರಿ? ನ್ಯೂಜಿಲೆಂಡಿನಲ್ಲಿ 1978 ಮತ್ತು 1981ರಲ್ಲಿ ಹೀಗೆಯೇ ಆಯಿತು. ಲೇಬರ್ ಪಕ್ಷಕ್ಕೆ ಹೆಚ್ಚು ಮತ, ನ್ಯಾಷನಲ್ ಪಕ್ಷಕ್ಕೆ ಹೆಚ್ಚು ಸ್ಥಾನ! 1981ರಲ್ಲಿ ಶೇಕಡಾ 20ಕ್ಕೂ ಹೆಚ್ಚು ಮತ ಗಳಿಸಿದ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ದೊರೆತದ್ದು 92ರಲ್ಲಿ ಕೇವಲ 2 ಸ್ಥಾನ. ನಮ್ಮ ಲೋಕಸಭೆಯಂತೆ ಅಲ್ಲಿಯೂ ಪ್ರತಿ ಕ್ಷೇತ್ರದಲ್ಲಿ ಮುಂದಿದ್ದವರಷ್ಟೇ ಗೆಲ್ಲುತ್ತಿದ್ದರು; ಉಳಿದವರಿಗೆ ಬಿದ್ದ ಮತಗಳು ವ್ಯರ್ಥವಾಗುತ್ತಿದ್ದವು.

1986ರಲ್ಲಿ ರಾಯಲ್ ಆಯೋಗವು ಮಿಶ್ರ ಪದ್ಧತಿಯನ್ನು ಶಿಫಾರಸು ಮಾಡಿತು. ಅದರಲ್ಲಿ ಮತದಾರನಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಂತೆ ಸ್ಥಾನ. ದೊಡ್ಡ ಪಕ್ಷಗಳ ಬಹುತೇಕ ನಾಯಕರಿಗೆ ಇದು ರುಚಿಸಲಿಲ್ಲ. ಆದರೆ ಚುನಾವಣಾ ಸುಧಾರಣಾ ಒಕ್ಕೂಟದವರು ಸುಮ್ಮನಿರದೆ ಜನರಿಗೆ ತಿಳಿಹೇಳಿದರು. 1992ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇಕಡಾ 84ಕ್ಕೂ ಹೆಚ್ಚು ಮಂದಿ ಬದಲಾವಣೆ ಬಯಸಿದರು. 1993ರಲ್ಲಿ, ಹಣಬಲದ ವಿರೋಧ ಪ್ರಚಾರದ ನಡುವೆಯೂ, ಸುಮಾರು ಶೇಕಡಾ 54 ಮತಗಳೊಂದಿಗೆ ಹೊಸ ಪದ್ಧತಿ ಗೆದ್ದಿತು. 1996ರಲ್ಲಿ ಅದರಂತೆ ಮೊದಲ ಚುನಾವಣೆ ನಡೆಯಿತು. 2011ರಲ್ಲಿ ಜನರು ಅದನ್ನೇ ಮತ್ತೆ ಎತ್ತಿಹಿಡಿದರು.

ವ್ಯವಸ್ಥೆ ಸರಿಯಿಲ್ಲವೆಂದು ಗೊಣಗುವುದು ಸುಲಭ. ಅದರ ಲೆಕ್ಕವನ್ನು ತಾನು ಅರಿತು, ನೆರೆಯವನಿಗೂ ಅರ್ಥ ಮಾಡಿಸುವುದು ಕಷ್ಟ. ವಿದ್ಯೆ ಬೇಕಾಗುವುದು ಅಲ್ಲಿಯೇ.