ಜಗಳವೇ ಬಂಡವಾಳ: ಗ್ಲಾಸ್ಗೋದ ಎರಡು ಫುಟ್‌ಬಾಲ್ ಕ್ಲಬ್‌ಗಳ ಕಥೆ

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತ ನಮ್ಮ ಕಡೆ ಒಂದು ಮಾತಿದೆ. ಸ್ಕಾಟ್ಲೆಂಡಿನ ಫುಟ್‌ಬಾಲ್ ಇತಿಹಾಸ ನೋಡಿದರೆ ಆ ಮಾತು ತಲೆಕೆಳಗಾಗುತ್ತದೆ. ಅಲ್ಲಿನ ಗ್ಲಾಸ್ಗೋ ನಗರದಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಎರಡು ಕ್ಲಬ್‌ಗಳಿವೆ. ಎಣ್ಣೆ ಸೀಗೆಕಾಯಿ ಸಂಬಂಧ. ನೂರಕ್ಕೂ ಹೆಚ್ಚು ವರ್ಷದ ಈ ಜಗಳದಲ್ಲಿ ಲಾಭ ಮಾಡಿಕೊಂಡವರು ಮಾತ್ರ ಜಗಳವಾಡಿದ ಆ ಇಬ್ಬರೇ.

ಲೆಕ್ಕ ನೋಡಿ. ಸ್ಕಾಟಿಷ್ ಲೀಗ್ ಶುರುವಾದದ್ದು 1890ರಲ್ಲಿ. 2025ರವರೆಗೆ ಸೆಲ್ಟಿಕ್ 55 ಸಲ, ರೇಂಜರ್ಸ್ 55 ಸಲ ಚಾಂಪಿಯನ್ ಆಗಿವೆ. ಉಳಿದ ಎಲ್ಲ ಕ್ಲಬ್‌ಗಳನ್ನು ಕೂಡಿಸಿದರೂ 19 ಪ್ರಶಸ್ತಿ ಮಾತ್ರ. 1985ರಲ್ಲಿ ಅಬರ್ಡೀನ್ ಗೆದ್ದ ನಂತರದ 40 ವರ್ಷ ಮೂರನೆಯವರ ಕೈಗೆ ಲೀಗ್ ಪ್ರಶಸ್ತಿ ಸಿಗಲೇ ಇಲ್ಲ.

ಇದು ಹೇಗಾಯಿತು? ಬರೀ ಆಟದ ಬಲದಿಂದ ಆದದ್ದಲ್ಲ. ಇದರ ಹಿಂದೆ ಹಸಿವಿದೆ, ಧರ್ಮವಿದೆ, ದುಡ್ಡೂ ಇದೆ.

ಮಕ್ಕಳ ಊಟಕ್ಕಾಗಿ ಹುಟ್ಟಿದ ತಂಡ

ರೇಂಜರ್ಸ್ ಹಿರಿಯದು. 1872ರಲ್ಲಿ ನಾಲ್ವರು ಹುಡುಗರು ಸೇರಿ ಕಟ್ಟಿದ ತಂಡ ಅದು. ಆಗ ಅದಕ್ಕೆ ಯಾವ ಧರ್ಮದ ಬಣ್ಣವೂ ಇರಲಿಲ್ಲ.

ಸೆಲ್ಟಿಕ್ ಕಥೆ ಬೇರೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದೊಡ್ಡ ಬರಗಾಲ ಬಂತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಗುಳೆ ಹೋದರು. ಹಾಗೆ ಗ್ಲಾಸ್ಗೋಗೆ ಬಂದ ಬಹುಪಾಲು ಜನ ಕ್ಯಾಥೊಲಿಕರು. ಊರಿನವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಕಡಿಮೆ ಕೂಲಿಗೆ ದುಡಿಯಲು ಬಂದವರ ಮೇಲೆ ಸ್ಥಳೀಯರಿಗೆ ಸಿಟ್ಟು. ಗುಳೆ ಹೋದವರ ಪಾಡು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಗರದ ಪೂರ್ವ ಭಾಗದಲ್ಲಿ ಈ ಬಡವರ ಮಕ್ಕಳಿಗೆ ಹೊಟ್ಟೆಗಿರಲಿಲ್ಲ. ಬ್ರದರ್ ವಾಲ್ಫ್ರಿಡ್ ಎಂಬ ಐರಿಷ್ ಸನ್ಯಾಸಿ, ಶಾಲೆಯ ಮುಖ್ಯಸ್ಥರು, ಫುಟ್‌ಬಾಲ್ ಆಡಿಸಿ ಟಿಕೆಟ್ ಹಣದಿಂದ ಮಕ್ಕಳಿಗೆ ಊಟ ಹಾಕೋಣ ಎಂದು ಯೋಚಿಸಿದರು. 1887ರ ನವೆಂಬರ್‌ನಲ್ಲಿ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಸೆಲ್ಟಿಕ್ ಹುಟ್ಟಿತು.

1888ರ ಮೇ 28ರಂದು ಅದರ ಮೊದಲ ಪಂದ್ಯ. ಎದುರಾಳಿ ಯಾರು ಗೊತ್ತೇ? ಇದೇ ರೇಂಜರ್ಸ್. ಸೆಲ್ಟಿಕ್ 5-2ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಅದೇ ಚರ್ಚ್ ಸಭಾಂಗಣದಲ್ಲಿ ಒಟ್ಟಿಗೆ ಕೂತು ಊಟ ಮಾಡಿದರು. ಮುಂದೆ ನಡೆದದ್ದನ್ನು ಓದುವಾಗ ಈ ಊಟ ನೆನಪಿರಲಿ.

ಹಳೇ ಅಂಗಡಿಯ ಇಬ್ಬರು ಪಾಲುದಾರರು

ಸೆಲ್ಟಿಕ್ ಗೆಲ್ಲುತ್ತಾ ಹೋದಂತೆ ಅದನ್ನು ಸೋಲಿಸಬಲ್ಲ 'ನಮ್ಮವರ' ತಂಡವೊಂದು ಬೇಕು ಎಂದು ಪ್ರಾಟೆಸ್ಟೆಂಟ್ ಜನ ಹುಡುಕಿದರು. ಆ ಪಟ್ಟ ರೇಂಜರ್ಸ್‌ಗೆ ಸಿಕ್ಕಿತು. 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಹಡಗು ಕಂಪನಿ ರೇಂಜರ್ಸ್ ಮೈದಾನವಿರುವ ಗೋವನ್ ಪ್ರದೇಶಕ್ಕೆ ಬಂತು. ಅದರ ಜೊತೆ ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟ್ ಕೆಲಸಗಾರರೂ ಬಂದರು. ದ್ವೇಷದ ಬೇರು ಇನ್ನಷ್ಟು ಆಳಕ್ಕಿಳಿಯಿತು.

ಈ ದ್ವೇಷದಿಂದ ಪ್ರತಿ ಪಂದ್ಯಕ್ಕೂ ಜನ ತುಂಬಿ ತುಳುಕಿದರು. 1904ರ ಸುಮಾರಿಗೆ ಒಂದು ಪತ್ರಿಕೆಯ ವ್ಯಂಗ್ಯಚಿತ್ರ ಈ ಇಬ್ಬರನ್ನು 'ಓಲ್ಡ್ ಫರ್ಮ್' ಎಂದು ಕರೆಯಿತು. ಹಳೇ ವ್ಯಾಪಾರದ ಪಾಲುದಾರರು ಎಂದರ್ಥ. ಹೊರಗೆ ಶತ್ರುಗಳು, ಗಲ್ಲಾಪೆಟ್ಟಿಗೆ ಮುಂದೆ ಜೊತೆಗಾರರು! ಆ ಹೆಸರು ಇಂದಿಗೂ ಅಂಟಿಕೊಂಡಿದೆ.

ಇತಿಹಾಸದಲ್ಲಿ ನಮಗೆ ಬಹಳ ಕುತೂಹಲ ತಂದದ್ದು 1909ರ ಸ್ಕಾಟಿಷ್ ಕಪ್ ಫೈನಲ್. ಮೊದಲ ಪಂದ್ಯ 2-2 ಡ್ರಾ. ವಾರದ ನಂತರ ಮತ್ತೆ ಆಡಿದರು, 1-1 ಡ್ರಾ. ಹೆಚ್ಚುವರಿ ಸಮಯ ಆಡಿಸುತ್ತಾರೆಂದು ಜನ ಕಾದರು, ಆಟಗಾರರು ಒಳಗೆ ಹೋದರು. ಮೂರನೇ ಸಲ ಟಿಕೆಟ್ ಮಾರಲು ಬೇಕೆಂತಲೇ ಡ್ರಾ ಮಾಡಿದ್ದಾರೆ ಎಂಬ ಅನುಮಾನ ಹಬ್ಬಿತು. ಆಗ ಎರಡೂ ಕಡೆಯ ಅಭಿಮಾನಿಗಳು ಸೇರಿಯೇ ಮೈದಾನಕ್ಕೆ ನುಗ್ಗಿದರು. ಗೋಲ್ ಕಂಬ ಕಿತ್ತರು, ಟಿಕೆಟ್ ಕಟ್ಟೆಗಳಿಗೆ ಬೆಂಕಿ ಹಚ್ಚಿದರು, ನಂದಿಸಲು ಬಂದವರ ನೀರಿನ ಪೈಪ್ ಕೊಯ್ದರು. ಆ ವರ್ಷ ಕಪ್ ಯಾರಿಗೂ ಕೊಡಲಿಲ್ಲ.

ಪರಸ್ಪರ ಹೊಡೆದಾಡುತ್ತಿದ್ದ ಜನ ಅಂದು ಒಂದಾದದ್ದು ತಮ್ಮ ಜೇಬಿಗೆ ಕೈ ಹಾಕುತ್ತಿದ್ದಾರೆ ಅನ್ನಿಸಿದಾಗ. ಗಲಭೆಯನ್ನು ನಾವು ಒಪ್ಪುವುದಿಲ್ಲ. ಆದರೆ ಅನುಮಾನದ ಹಿಂದಿನ ಪ್ರಶ್ನೆ ಸಣ್ಣದಲ್ಲ. ನಮ್ಮ ಜಗಳದಿಂದ ದುಡಿಯುತ್ತಿರುವವರು ಯಾರು?

ಸಾವುಗಳು

1931ರ ಸೆಪ್ಟೆಂಬರ್ 5ರಂದು ಸೆಲ್ಟಿಕ್ ಗೋಲಿ ಜಾನ್ ಥಾಮ್ಸನ್ ಚೆಂಡು ಹಿಡಿಯಲು ಹಾರಿ, ರೇಂಜರ್ಸ್ ಆಟಗಾರ ಸ್ಯಾಮ್ ಇಂಗ್ಲಿಷ್ ಮೊಣಕಾಲಿಗೆ ತಲೆ ತಾಗಿ ಅದೇ ರಾತ್ರಿ ತೀರಿಕೊಂಡರು. ವಯಸ್ಸು 22. ಅದು ಆಕಸ್ಮಿಕ ಎಂದು ತೀರ್ಮಾನವಾದರೂ ಇಂಗ್ಲಿಷ್ ಅವರನ್ನು ಪ್ರೇಕ್ಷಕರು ಮುಂದೆಯೂ ಮೂದಲಿಸಿದರು.

1971ರ ಜನವರಿ 2ರಂದು ರೇಂಜರ್ಸ್‌ನ ಐಬ್ರಾಕ್ಸ್ ಮೈದಾನದಲ್ಲಿ ಪಂದ್ಯ ಮುಗಿದು ಜನ ಹೊರಡುವಾಗ 13ನೇ ಮೆಟ್ಟಿಲು ದಾರಿಯಲ್ಲಿ ಕಾಲ್ತುಳಿತವಾಗಿ 66 ಮಂದಿ ಸತ್ತರು. ಹಲವರು ಹುಡುಗರು. ಮಾರ್ಕಿಂಚ್ ಎಂಬ ಸಣ್ಣ ಊರೊಂದರಿಂದಲೇ ಐವರು ಬಾಲಕರು. ಅದೇ ಮೆಟ್ಟಿಲುಗಳಲ್ಲಿ 1961ರಲ್ಲೇ ಇಬ್ಬರು ಸತ್ತಿದ್ದರು. ಆ ಎಚ್ಚರಿಕೆಯಿಂದ ಪಾಠ ಕಲಿತಿರಲಿಲ್ಲ. ಈ ದುರಂತದ ನಂತರವೇ 1975ರಲ್ಲಿ ಮೈದಾನಗಳ ಸುರಕ್ಷತೆಗೆ ಕಾನೂನು ಬಂತು.

ಅದೇ ತಿಂಗಳು ಸತ್ತವರ ಕುಟುಂಬಗಳಿಗಾಗಿ ಎರಡೂ ಕ್ಲಬ್‌ನವರು ಒಂದೇ ತಂಡವಾಗಿ ಸ್ಕಾಟ್ಲೆಂಡ್ ತಂಡದ ವಿರುದ್ಧ ಆಡಿದರು. 80 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು.

ಬಾಗಿಲು ತೆರೆದದ್ದು ಹೇಗೆ

ಸೆಲ್ಟಿಕ್ ಕ್ಯಾಥೊಲಿಕ್ ಜನರ ಕ್ಲಬ್ ಆದರೂ ಪ್ರಾಟೆಸ್ಟೆಂಟರನ್ನೂ ಸೇರಿಸಿಕೊಳ್ಳುತ್ತಿತ್ತು. 1967ರಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಾಗ ಅದರ ಮ್ಯಾನೇಜರ್ ಆಗಿದ್ದ ಜಾಕ್ ಸ್ಟೈನ್ ಪ್ರಾಟೆಸ್ಟೆಂಟ್. ಆಡಿದ ಹನ್ನೊಂದೂ ಜನ ಗ್ಲಾಸ್ಗೋದ ಸುತ್ತ 30 ಮೈಲಿಯೊಳಗೆ ಹುಟ್ಟಿದವರು.

ರೇಂಜರ್ಸ್ ಮಾತ್ರ ದಶಕಗಳ ಕಾಲ ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರಿಗೂ ಗೊತ್ತಿದ್ದ ನಿಯಮ. 1989ರ ಜುಲೈನಲ್ಲಿ ಮ್ಯಾನೇಜರ್ ಗ್ರೇಮ್ ಸೂನೆಸ್ ಅದನ್ನು ಮುರಿದರು. ಸೆಲ್ಟಿಕ್‌ನ ಮಾಜಿ ಆಟಗಾರ, ಕ್ಯಾಥೊಲಿಕ್ ಆದ ಮೋ ಜಾನ್ಸ್ಟನ್ ಅವರನ್ನು ಕರೆತಂದರು. ಕೆಲ ರೇಂಜರ್ಸ್ ಅಭಿಮಾನಿಗಳು ತಂಡದ ಸ್ಕಾರ್ಫ್ ಸುಟ್ಟರು. ಸೆಲ್ಟಿಕ್‌ನವರು ದ್ರೋಹಿ ಎಂದರು. ನವೆಂಬರ್‌ನಲ್ಲಿ ಅದೇ ಜಾನ್ಸ್ಟನ್ ಸೆಲ್ಟಿಕ್ ವಿರುದ್ಧ ಕೊನೆ ಗಳಿಗೆಯಲ್ಲಿ ಗೋಲು ಹೊಡೆದು ರೇಂಜರ್ಸ್‌ನ್ನು ಗೆಲ್ಲಿಸಿದರು. ಆಮೇಲೆ ಅಲ್ಲಿ ಕ್ಯಾಥೊಲಿಕ್ ಆಟಗಾರರು ಮಾಮೂಲಾದರು.

ಮೂರನೆಯವರ ಪಾಡು

ಸೆಲ್ಟಿಕ್ ಮೈದಾನದಲ್ಲಿ ಸುಮಾರು 60 ಸಾವಿರ, ಐಬ್ರಾಕ್ಸ್‌ನಲ್ಲಿ 50 ಸಾವಿರ ಜನ ಕೂರುತ್ತಾರೆ. ಸ್ಕಾಟ್ಲೆಂಡಿನ ಸಣ್ಣ ಊರಿನ ಕ್ಲಬ್‌ಗೆ ಕೆಲವು ಸಾವಿರ ಜನ ಬಂದರೆ ಹೆಚ್ಚು. ದುಡ್ಡಿದ್ದವರು ಒಳ್ಳೆ ಆಟಗಾರರನ್ನು ಕೊಳ್ಳುತ್ತಾರೆ, ಗೆಲ್ಲುತ್ತಾರೆ, ಮತ್ತೆ ದುಡ್ಡು ಬರುತ್ತದೆ. ಸಣ್ಣ ಊರಿನ ಹುಡುಗನೂ ತನ್ನೂರಿನ ತಂಡ ಬಿಟ್ಟು ಈ ಎರಡರಲ್ಲಿ ಒಂದಕ್ಕೆ ಜೈ ಅನ್ನುತ್ತಾನೆ. ಲೀಗ್‌ನ ಮುಖ್ಯ ತೀರ್ಮಾನಗಳಿಗೆ 12 ಕ್ಲಬ್‌ಗಳಲ್ಲಿ 11ರ ಒಪ್ಪಿಗೆ ಬೇಕಿದ್ದ ಕಾಲದಲ್ಲಿ ಈ ಇಬ್ಬರು ಕೈ ಜೋಡಿಸಿದರೆ ಏನನ್ನೂ ತಡೆಯಬಹುದಿತ್ತು. 2002ರಲ್ಲಿ ಬೇಸತ್ತ ಉಳಿದ 10 ಕ್ಲಬ್‌ಗಳು ಲೀಗ್ ಬಿಡುತ್ತೇವೆ ಎಂದು ನೋಟಿಸ್ ಕೊಟ್ಟಿದ್ದವು.

2012ರಲ್ಲಿ ರೇಂಜರ್ಸ್ ಕಂಪನಿ ತೆರಿಗೆ ಬಾಕಿ, ಸಾಲದಲ್ಲಿ ಮುಳುಗಿತು. ಹೊಸ ಕಂಪನಿಯಡಿ ನಾಲ್ಕನೇ ದರ್ಜೆಯಿಂದ ಶುರು ಮಾಡಬೇಕಾಯಿತು. ಅಲ್ಲಿನ ಮೊದಲ ತವರು ಲೀಗ್ ಪಂದ್ಯಕ್ಕೂ 49 ಸಾವಿರ ಜನ ಬಂದರು! ಇನ್ನಾದರೂ ಬೇರೆಯವರಿಗೆ ದಾರಿಯಾಯಿತೇ? ಇಲ್ಲ. 2012ರಿಂದ 2020ರವರೆಗೆ ಒಂಬತ್ತು ವರ್ಷವೂ ಸೆಲ್ಟಿಕ್ಕೇ ಗೆದ್ದಿತು.

ನಮ್ಮ ಕಡೆಯ ನಂಟು

1936ರಲ್ಲಿ ಕೋಲ್ಕತ್ತದ ಮೊಹಮ್ಮದ್ ಸಲೀಂ ಬರಿಗಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಸೆಲ್ಟಿಕ್ ಪರ ಎರಡು ಪಂದ್ಯ ಆಡಿದರು. ಯುರೋಪಿನ ಕ್ಲಬ್‌ಗೆ ಆಡಿದ ಮೊದಲ ಭಾರತೀಯ ಅವರು. 2019ರಲ್ಲಿ ರೇಂಜರ್ಸ್ ನಮ್ಮ ಬೆಂಗಳೂರು ಎಫ್‌ಸಿ ಜೊತೆ ಒಪ್ಪಂದ ಮಾಡಿಕೊಂಡಿತು. 2020ರ ಆರಂಭದಲ್ಲಿ ಮಣಿಪುರದ ಬಾಲಾ ದೇವಿ ರೇಂಜರ್ಸ್ ಮಹಿಳಾ ತಂಡ ಸೇರಿದರು. ಇಬ್ಬರಿಗೂ ಅಲ್ಲಿನ ಜಗಳ ಸಂಬಂಧವಿರಲಿಲ್ಲ. ಆಡಲು ಹೋದರು, ಆಡಿದರು.

1995ರಲ್ಲಿ 16 ವರ್ಷದ ಹುಡುಗನೊಬ್ಬ ಸೆಲ್ಟಿಕ್ ಪಂದ್ಯ ನೋಡಿ ಮನೆಗೆ ನಡೆದು ಹೋಗುವಾಗ ಕೊಲೆಯಾದ. ಅವನು ಸೆಲ್ಟಿಕ್ ಅಭಿಮಾನಿ ಎಂಬುದೇ ಕಾರಣ. ಅವನ ಗೆಳತಿಯೊಬ್ಬಳು ನಂತರ ಇಂಥ ಧರ್ಮದ್ವೇಷದ ವಿರುದ್ಧ 'ನಿಲ್ ಬೈ ಮೌತ್' ಎಂಬ ಸಂಸ್ಥೆ ಕಟ್ಟಿದಳು. ಅದು ಈಗಲೂ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತದೆ.

ಮಕ್ಕಳ ಹೊಟ್ಟೆ ತುಂಬಿಸಲು ಶುರುವಾದ ಆಟದ ಹೆಸರಲ್ಲಿ ಒಂದು ಮಗು ಸತ್ತಿತು. 1888ರಲ್ಲಿ ಒಟ್ಟಿಗೆ ಊಟಕ್ಕೆ ಕೂತವರು ಇದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ತಂಡಕ್ಕೆ ಜೈ ಅನ್ನುವುದರಲ್ಲಿ ತಪ್ಪಿಲ್ಲ. ಎದುರು ಕೂತವನೂ ಆಟ ನೋಡಲು ಬಂದವನೇ ಎಂಬುದು ಮರೆತಾಗಲೇ ಕೇಡು ಶುರು.